ನಕ್ಷೆಗಾರನ ಕಾರು ದಿಬ್ಬ ಹತ್ತಿದ್ದು

“ಇದು ಕಾರೋ, ನಾಲ್ಕು ಚಕ್ರ ಹಚ್ಚಿದ ಕುರ್ಚಿಯೋ?”

ಕೇಳಿದವನು ನಕ್ಷೆಗಾರ. ಕೇಳಿಸಿಕೊಳ್ಳಲು ಕಾರಿನೊಳಗೆ ಇನ್ನಾರೂ ಇರಲಿಲ್ಲ. ಭೂಮಾಪನ ಕಚೇರಿಯ ದಿಬ್ಬದ ನಡುಮಧ್ಯದಲ್ಲಿ, ಪದ್ಯ ಎತ್ತಿಕೊಂಡು ಅರ್ಧ ಸಾಲಿಗೇ ಉಸಿರು ಸಾಲದೆ ಹೋದವನಂತೆ ಕಾರು ಏದುತ್ತಿತ್ತು. ಅಷ್ಟರಲ್ಲಿ ಲಾಂಡ್ರಿಯವನ ಮೂರು ಚಕ್ರದ ಗಾಡಿ, ಆಸ್ಪತ್ರೆಯ ಮೈಲಿಗೆ ಹಾಸುಗಳನ್ನು ಬೆಟ್ಟದಷ್ಟು ಹೇರಿಕೊಂಡು, ಪಕ್ಕಕ್ಕೆ ಬಂತು. ಸುಮ್ಮನೆ ದಾಟಿಹೋಗಿದ್ದರೆ ನಕ್ಷೆಗಾರ ಹೇಗೋ ನುಂಗಿಕೊಳ್ಳುತ್ತಿದ್ದ. ಆದರೆ ಲಾಂಡ್ರಿಯವನು ಒಳ್ಳೆಯ ಮನುಷ್ಯ. ವೇಗ ತಗ್ಗಿಸಿ ಕತ್ತು ಹೊರಹಾಕಿದ.

“ಏನ್ ಸ್ವಾಮಿ, ಕೆಟ್ಟು ನಿಂತಿದ್ಯಾ? ಹಿಂದಿನಿಂದ ತಳ್ಳಲಾ?”

“ಓಡ್ತಾ ಇರೋ ಗಾಡಿ ಕಣಯ್ಯಾ ಇದು!”

“ಓಹೋ, ಓಡ್ತಾ ಇದ್ಯಾ? ತಪ್ಪಾಯ್ತು, ಗೊತ್ತಾಗ್ಲಿಲ್ಲ,” ಎಂದು ಅವನು ನಿಜವಾಗಿಯೂ ನೊಂದುಕೊಂಡು ಮುಂದೆ ಹೋದ.

ನಕ್ಷೆಗಾರನ ಕಿವಿ ಬಿಸಿಯಾಯಿತು. ಈ ದಿಬ್ಬದ ಏರನ್ನು, ತಿರುವನ್ನು, ಚರಂಡಿಯನ್ನು ಕಚೇರಿಯ ನಕ್ಷೆಯಲ್ಲಿ ಗೆರೆ ಗೆರೆಯಾಗಿ ಬರೆದವನೇ ಅವನು. ತಾನು ಬರೆದ ದಿಬ್ಬದ ಮೇಲೆ ತನಗೇ ಈ ಅವಮಾನ!

ಕಚೇರಿ ಮುಟ್ಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಮುಟ್ಟಿತ್ತು. ಹಿಂದಿನಿಂದಲೇ ಬಂದ ಲೆಕ್ಕಿಗ ನಡುದಾರಿಯಲ್ಲಿ ಅವನನ್ನು ದಾಟಿ, ಬಂದವನೇ ಟೈಪಿಸ್ಟಮ್ಮನ ಮೇಜಿಗೆ ಒರಗಿ ಅಭಿನಯ ಸಮೇತ ವರ್ಣಿಸುತ್ತಿದ್ದ.

“ಬನ್ನಿ ಬನ್ನಿ. ನಿಮ್ಮ ಹಿಂದೆ ಬರ್ತಾ ನಾನು ತಲೆ ಬಾಚ್ಕೊಂಡೆ, ತಿಂಡಿ ಡಬ್ಬಿ ತೆಗೆದು ಅರ್ಧ ಮುಗಿಸ್ದೆ. ಇನ್ನೊಂದು ಚೂರು ಹೊತ್ತು ಸಿಕ್ಕಿದ್ರೆ ಒಂದು ನಿದ್ದೇನೂ ಆಗೋದು.”

ಟೈಪಿಸ್ಟಮ್ಮ ನಕ್ಕರು. ನಕ್ಷೆಗಾರ ಹಲ್ಲು ಕಚ್ಚಿದ. ಲೆಕ್ಕಿಗ ಅಲ್ಲಿಗೇ ಬಿಡಲಿಲ್ಲ.

“ಅಲ್ಲ ಸಾರ್, ಬೆವರು ಹರಿಸಿ ಓಡೋ ಗಾಡಿಗೆ ನೆರಳು ಬೇಕು. ನಿಮ್ಮದು ಬಿಸಿನೇ ಆಗಲ್ವಲ್ಲ? ಆ ಜಾಗ ನನಗೆ ಬಿಟ್ಟುಕೊಡಿ.”

ಇದು ಎದೆಗೆ ನಾಟಿತು. ಕಚೇರಿಯ ಅಂಗಳದಲ್ಲಿ ನೆರಳಿರುವುದು ಒಂದೇ ಕಾರಿಗೆ, ಮರದ ಬುಡದಲ್ಲಿ. ಹಿರಿತನದ ಮೇಲೆ ಸಿಗುವ ಜಾಗ. ಹಿಂದಿನ ಹಿರಿಯರು ನಿವೃತ್ತರಾಗುವವರೆಗೆ ತನ್ನ ತಲೆ ಮತ್ತು ಕಾರು ಎರಡರ ಬಣ್ಣವನ್ನೂ ಬಿಸಿಲಿಗೆ ಒಪ್ಪಿಸಿ ನಕ್ಷೆಗಾರ ಅದನ್ನು ಪಡೆದಿದ್ದ. ಅವನ ಇಡೀ ನೌಕರಿಯಲ್ಲಿ ಸಿಕ್ಕ ಬಡ್ತಿ ಎಂದರೆ ಅದೊಂದೇ.

“ಇವತ್ತು ಅರ್ಧ ದಿನದ ಕಚೇರಿ,” ಅಂದ ನಕ್ಷೆಗಾರ. “ಸಂಜೆ ಬನ್ನಿ ದಿಬ್ಬದ ಬುಡಕ್ಕೆ. ನಿಮಗಿಂತ ಮೊದಲು ನಾನು ಹತ್ತದೆ ಹೋದ್ರೆ ನೆರಳು ನಿಮ್ಮದು. ಹತ್ತಿದ್ರೆ ಇನ್ನು ಮೇಲೆ ನಿಮ್ಮ ಬಾಯಲ್ಲಿ ನನ್ನ ಕಾರಿನ ಮಾತು ಬರಬಾರದು.”

“ಟೈಪಿಸ್ಟಮ್ಮ ಸಾಕ್ಷಿ,” ಅಂದ ಲೆಕ್ಕಿಗ.

ನಕ್ಷೆಗಾರ ಕೂತು ಯೋಜನೆ ಬರೆದ. ಟರ್ಬೊ ಹಾಕಿಸುವ ದುಡ್ಡಿಗೆ ಇನ್ನೊಂದು ಹಳೇ ಕಾರೇ ಬರುತ್ತಿತ್ತು. ಆದ್ದರಿಂದ ಬಡವರ ದಾರಿ ಹಿಡಿದ. ಎಂಜಿನ್ನಿಗೆ ಗಾಳಿ ಧಾರಾಳವಾಗಿ ಬರಲಿ, ಕಿಡಿ ಚುರುಕಾಗಲಿ, ಹೊಗೆ ಸಲೀಸಾಗಿ ಹೋಗಲಿ, ಮೈಭಾರ ಇಳಿಯಲಿ. ಚಿತ್ರ ಅಂದವಾಗಿ ಬಂತು. ಅಭ್ಯಾಸಬಲ, ಎಂಜಿನ್ನಿನ ಪಕ್ಕದಲ್ಲಿ ಉತ್ತರ ದಿಕ್ಕಿನ ಬಾಣವನ್ನೂ ಹಾಕಿದ.

ಮನೆಯಲ್ಲಿ ಹೆಂಡತಿ ಸಿಡಿಯುತ್ತಾಳೆಂದು ತಯಾರಾಗಿ ಹೋಗಿದ್ದ. ಅವಳು ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, “ಮಾಡಿಸ್ಕೊಳ್ಳಿ ರೀ,” ಅಂದಳು. “ಪಾಪ, ಎಷ್ಟು ದಿನ ಅಂತ ಅವಮಾನ ತಿಂತೀರಿ?”

ಇಂಥ ಹೆಂಡತಿ ಯಾರಿಗುಂಟು! ನಕ್ಷೆಗಾರನ ಕಣ್ಣು ತೇವವಾಯಿತು.

ಪಕ್ಕದ ಮನೆಯ ರೈಲು ತಾತನಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಜೀವಮಾನವೆಲ್ಲ ರೈಲು ಓಡಿಸಿ ನಿವೃತ್ತರಾದವರು; ಬಾನೆಟ್ಟು ತೆರೆದ ಸದ್ದು ಎಲ್ಲಿ ಕೇಳಿದರೂ ಹಾಜರು.

“ಎಂಜಿನ್ ಅಂದ್ರೆ ಉಸಿರು ಕಣಪ್ಪಾ. ಮೂಗು ಕಟ್ಟಿದ್ರೆ ನೀನು ಓಡ್ತೀಯಾ? ಮೊದ್ಲು ಆ ಸೈಲೆನ್ಸರ್ ಹೊಟ್ಟೆ ಖಾಲಿ ಮಾಡ್ಸು.”

“ಸದ್ದು ಜಾಸ್ತಿ ಆಗಲ್ವಾ ತಾತ?”

“ಆಗ್ಲಿ ಬಿಡು! ನನ್ನ ರೈಲು ಏನು ಪಿಸುಮಾತಲ್ಲಿ ಓಡ್ತಿತ್ತಾ?”

ಇಬ್ಬರೂ ಸೇರಿ ಹಿಂದಿನ ಸೀಟು ಕಿತ್ತರು. ಡಿಕ್ಕಿಯಿಂದ ಸ್ಟೆಪ್ನಿ, ಜ್ಯಾಕು, ಹಳೇ ಛತ್ರಿ ಎಲ್ಲ ಹೊರಬಂದು, ಮನೆ ಮುಂದಿನ ಹಜಾರ ಗುಜರಿ ಅಂಗಡಿಯಾಯಿತು. ಹೆಂಡತಿ ಚಹಾ ತಂದಿಟ್ಟು, “ಇನ್ನೇನಾದ್ರೂ ತೆಗೀಬೇಕಾದ್ರೆ ತೆಗೀರಿ, ಸಂಕೋಚ ಬೇಡ,” ಅಂದಳು. ಹೀಗೆ ಹಗುರಾದ ಕಾರಿನಲ್ಲಿ, ಎರಡು ಸ್ಟೆಪ್ನಿಯಷ್ಟು ತೂಗುವ ತಾತ ಮುಂದಿನ ಸೀಟಿನಲ್ಲಿ ಕೂತರು.

ಕಾರು ರಿಪೇರಿಯ ಮೇಸ್ತ್ರಿ ತನ್ನ ಷೆಡ್ಡಿನಲ್ಲಿ ಯೋಜನೆಯನ್ನು ನೋಡಿ, ತಲೆ ಕೆರೆದುಕೊಂಡ.

“ಎಂಜಿನ್ ಕಲ್ಲುಗುಂಡಿನ ಹಾಗಿದೆ ಸಾರ್. ಯಾಕೆ ಸುಮ್ನೆ ಖರ್ಚು?”

“ಕಲ್ಲುಗುಂಡಾದ್ರೂ ಇಳಿಜಾರಲ್ಲಿ ಓಡುತ್ತೆ. ನೀನು ಹಾಕಪ್ಪ.”

“ನೀವು ಹೇಳಿದ್ದು ಹಾಕ್ತೀನಿ. ಆಮೇಲೆ ನನ್ನ ಮೇಲೆ ಕೂಗಾಡ್ಬಾರ್ದು.”

“ಇವರಿಗೆಲ್ಲ ಹೊಸದು ಅಂದ್ರೆ ಭಯ,” ಎಂದರು ತಾತ, ಕೇಳಿಸುವ ಹಾಗೆ.

ಸಂಜೆ ಹೊತ್ತಿಗೆ ಹೊಸ ಏರ್ ಫಿಲ್ಟರ್ ಬಂತು, ಹೊಸ ಪ್ಲಗ್ಗು ಬಂತು, ಸೈಲೆನ್ಸರಿನ ಕರುಳು ಹೊರಬಂತು. ನಕ್ಷೆಗಾರ ಕೀಲಿ ತಿರುಗಿಸಿದ. ಆಹಾ, ಅದೇನು ಗರ್ಜನೆ! ಬೀದಿಯ ನಾಯಿಗಳು ಬೊಗಳುವುದನ್ನು ಮರೆತು ಓಡಿದವು. ತೊಟ್ಟಿಲ ಕೂಸುಗಳೆಲ್ಲ ಒಂದೇ ರಾಗದಲ್ಲಿ ಎದ್ದವು. ಒಬ್ಬಾಕೆ ಗುಡುಗೆಂದು ತಿಳಿದು ಒಣಹಾಕಿದ ಬಟ್ಟೆ ಎತ್ತಿಕೊಂಡಳು.

“ಇದು ಎಂಜಿನ್ನು!” ಎಂದು ತಾತ ತೊಡೆ ತಟ್ಟಿದರು.

ದಿಬ್ಬದ ತಲೆಯಲ್ಲಿ ಟೈಪಿಸ್ಟಮ್ಮ ಕರವಸ್ತ್ರ ಬೀಸಿದರು. ಎರಡು ಕಾರೂ ಹೊರಟವು. ನಕ್ಷೆಗಾರ ಪೆಡಲನ್ನು ಹೋಗುವಷ್ಟೂ ಒತ್ತಿದ. ಗರ್ಜನೆ ಮುಗಿಲು ಮುಟ್ಟಿತು, ಕಿಟಕಿಯ ಗಾಜು ನಡುಗಿತು, ತಾತನ ಕಟ್ಟಿಸಿದ ಹಲ್ಲು ಕಟಕಟ ಅಂದಿತು. ಎಲ್ಲವೂ ಆಯಿತು, ಕಾರು ಮಾತ್ರ ಬೆಳಿಗ್ಗೆಯ ನಡಿಗೆಯಲ್ಲೇ ನಡೆಯಿತು. ಲೆಕ್ಕಿಗ ಒಂದು ಕೈಯಲ್ಲಿ ಕಿವಿ ಮುಚ್ಚಿ, ಇನ್ನೊಂದರಲ್ಲಿ ಸ್ಟಿಯರಿಂಗ್ ಹಿಡಿದು ಮುಂದೆ ಹೋಗಿಯೇಬಿಟ್ಟ. ನಕ್ಷೆಗಾರ ಮೇಲೆ ಮುಟ್ಟಿದಾಗ ಅವನ ಕಾರು ಮರದ ಬುಡದಲ್ಲಿ ಆಗಲೇ ತಣ್ಣಗೆ ನಿಂತಿತ್ತು.

“ಸದ್ದು ಚೆನ್ನಾಗಿದೆ ಸಾರ್,” ಅಂದ ಲೆಕ್ಕಿಗ. “ನೀವು ಬರ್ತಾ ಇದೀರಿ ಅಂತ ಇನ್ನು ಮೇಲೆ ಇಡೀ ಕಚೇರಿಗೆ ಗೊತ್ತಾಗುತ್ತೆ. ಯಾವಾಗ ಬರ್ತೀರಿ ಅನ್ನೋದೊಂದೇ ಗೊತ್ತಾಗಲ್ಲ.”

ತಾತ ತಮ್ಮ ಪಾಡಿಗೆ ಇಳಿದು, ಕಾಲ್ನಡಿಗೆಯಲ್ಲಿ ಮನೆಗೆ ಹೋದರು.

ನಕ್ಷೆಗಾರ ಗುಡುಗುತ್ತಲೇ ಷೆಡ್ಡಿಗೆ ಬಂದ. “ಏನಯ್ಯಾ ಮೋಸ! ದುಡ್ಡು ತಗೊಂಡು ಬರೀ ಗಂಟಲು ಕೊಟ್ಟು ಕಳಿಸಿದ್ಯಲ್ಲ? ನನ್ನ ನೆರಳು ಹೋಯ್ತು!”

ಮೇಸ್ತ್ರಿ ಬಹಳ ಹೊತ್ತು ಕೈ ಒರೆಸಿಕೊಂಡ. ಕೊನೆಗೆ ಮನಸ್ಸು ತಡೆಯದೆ, ಬಾಗಿಲು ತೆರೆದು ಬಗ್ಗಿ, ಕಾಲಡಿಯ ರಬ್ಬರ್ ಮ್ಯಾಟು ಎತ್ತಿದ. ಆಕ್ಸಿಲರೇಟರ್ ಪೆಡಲಿನ ಕೆಳಗೆ, ಹೆಬ್ಬೆರಳಿಗಿಂತ ದಪ್ಪದ ಒಂದು ಬೋಲ್ಟು, ನೆಲಕ್ಕೆ ಬೆಸುಗೆಗೊಂಡು, ಗಟ್ಟಿಯಾಗಿ ನಿಂತಿತ್ತು.

“ಇದೇನಿದು?”

“ಬೋಲ್ಟು ಸಾರ್. ಎಕ್ಸಲೇಟರ್ ಅರ್ಧಕ್ಕಿಂತ ಕೆಳಗೆ ಹೋಗ್ಬಾರ್ದು ಅಂತ.”

ಬೇರೆ ಕಾರು ಓಡಿಸಿ ನೋಡಿದವನಲ್ಲ ನಕ್ಷೆಗಾರ. ಪೆಡಲಿಗೆ ಅಷ್ಟೇ ಆಳ ಎಂದು ಇಷ್ಟು ಕಾಲ ನಂಬಿದ್ದ.

“ಯಾವ ನೀಚ ಹಾಕಿಸಿದ್ದು?”

“ಹಾಗೆಲ್ಲ ಅನ್ಬೇಡಿ ಸಾರ್. ಅಕ್ಕಾವ್ರು ಹಾಕಿಸಿದ್ದು. ನೀವು ಕಾರು ಕಲಿತ ಹೊಸದ್ರಲ್ಲಿ ಹೂವಿನ ಅಂಗಡಿ ಒಳಗೆ ನುಗ್ಗಿಸಿದ್ರಲ್ಲ, ಅದರ ಮಾರನೇ ದಿನ ಬಂದು ಹೇಳಿದ್ರು. ಪ್ರತಿ ಸರ್ವೀಸಲ್ಲೂ ಅಲುಗಾಡ್ತಿದ್ಯಾ ಅಂತ ನೋಡಿ ಕಳಿಸ್ತೀನಿ.”

“ಮಧ್ಯಾಹ್ನ ಯಾಕಯ್ಯಾ ಬಾಯಿ ಬಿಡ್ಲಿಲ್ಲ?”

“ನೀವು ಎಂಜಿನ್ ವಿಷಯ ಕೇಳಿದ್ರಿ. ಎಂಜಿನ್‌ನಲ್ಲಿ ಏನೂ ತೊಂದ್ರೆ ಇಲ್ವಲ್ಲ?”

ಮಾಡಿಸ್ಕೊಳ್ಳಿ ರೀ! ಸಂಕೋಚ ಬೇಡ! ನಕ್ಷೆಗಾರನ ಕಿವಿಯಲ್ಲಿ ಹೆಂಡತಿಯ ಆ ಜೇನಿನಂಥ ಮಾತು ಕುದಿಯತೊಡಗಿತು. ತನ್ನ ಕಾರು, ತನ್ನ ಕಾಲು, ತನ್ನ ದಿಬ್ಬ. ನಡುವೆ ಒಂದು ಬೋಲ್ಟು! ಕೂಗಿ ಊರು ಸೇರಿಸಬೇಕೆನ್ನಿಸಿತು. ಆದರೆ ಸೋಮವಾರದ ಬಿಸಿಲು ನೆನಪಾಗಿ ಧ್ವನಿ ತಗ್ಗಿಸಿದ.

“ನೋಡು ಮೇಸ್ತ್ರಿ, ಆಗಿದ್ದು ಆಯ್ತು. ಈಗ ಗ್ಯಾಸ್ ಹಚ್ಚಿ ಅದನ್ನ ಕತ್ತರಿಸಿಬಿಡು. ಸೋಮವಾರ ಇನ್ನೊಂದು ಸಲ ಪಂದ್ಯ ಕಟ್ತೀನಿ, ನೆರಳು ವಾಪಸ್ ಬರುತ್ತೆ. ಮನೇಲಿ ನಾನು ತುಟಿ ಬಿಚ್ಚಲ್ಲ. ನೀನೂ ಬಿಚ್ಬೇಡ. ದೊಡ್ಡ ಉಪಕಾರ ಆಗುತ್ತೆ ಕಣೋ.”

ಮೇಸ್ತ್ರಿ ಮ್ಯಾಟನ್ನು ಬೋಲ್ಟಿನ ಮೇಲೆ ಮೆಲ್ಲಗೆ ಹಾಸಿ, ಸುಕ್ಕು ಸರಿಪಡಿಸಿ, ಎದ್ದು ನಿಂತ.

“ಇಲ್ಲ ಸಾರ್. ಅಕ್ಕಾವ್ರಿಗೆ ಮಾತು ಕೊಟ್ಟಿದ್ದೀನಿ. ತೆಗೆಯಲ್ಲ.”