ಹಯವದನ ರಾಯರ ಹೀಟರು

ಆ ಜನವರಿಯಲ್ಲಿ ಕಲ್ಕತ್ತೆಯ ಚಳಿ ಹಯವದನ ರಾಯರ ಮೊಣಕಾಲಿನಲ್ಲೇ ಬಿಡಾರ ಹೂಡಿತ್ತು. ಉಡುಪಿಯ ಸೆಕೆಯಲ್ಲಿ ಬೆಳೆದ ಜೀವ. ಬ್ಯಾಂಕಿನ ಕುರ್ಚಿಯಲ್ಲಿ ಕೂತರೆ ಕಾಲೆರಡೂ ಮರದ ಕೊರಡು. ಕೊನೆಗೊಂದು ಬೆಳಿಗ್ಗೆ ಮನೆಯ ರೂಮ್ ಹೀಟರನ್ನು ಚೀಲಕ್ಕೆ ತುರುಕಿದರು.

“ಅದು ಆಫೀಸಿಗೆ ಯಾಕೆ ಮಾರಾಯ್ರೆ? ಎಂತಾದ್ರೂ ಅನಾಹುತ ಆದ್ರೆ?” ಎಂದಳು ಹೆಂಡತಿ ಸುಗಂಧಿ.

“ಎಂತದೂ ಆಗುದಿಲ್ಲ. ಮೇಜಿನಡಿ ಇಟ್ರೆ ಯಾರಿಗೆ ಗೊತ್ತಾಗ್ತದೆ?”

ಎಲ್ಲರಿಗೂ ಗೊತ್ತಾಯಿತು. ಬೆಲ್ಲಕ್ಕೆ ಇರುವೆ ಮುತ್ತಿದಂತೆ ಇಡೀ ಬ್ರಾಂಚು ರಾಯರ ಮೇಜಿಗೆ ಮುತ್ತಿತು. ವಯರು ಗೋಡೆಗೆ ಎಟುಕದೆ ರಾಯರು ಅದನ್ನು ಚಹಾದ ಕೆಟಲ್ ಇದ್ದ ಎಕ್ಸ್‌ಟೆನ್ಶನ್ ಬೋರ್ಡಿಗೇ ಸಿಕ್ಕಿಸಿದ್ದರು. ಯೂನಿಯನ್ ಕಾರ್ಯದರ್ಶಿ ಪಾಲಿತ್ ಬಾಬು ತಮ್ಮ ಮಂಕಿ ಕ್ಯಾಪನ್ನು ಬೆಚ್ಚಗಾಗಲೆಂದು ಹೀಟರಿಗೇ ತೊಡಿಸಿದರು.

“ಅಯ್ಯೋ ದಾದಾ, ಸುಡ್ತದೆ!”

“ಏನೂ ಆಗೋದಿಲ್ಲ ಹಯಬದನ್ ಬಾಬು. ಶಾಖ ಕಾರ್ಮಿಕರೆಲ್ಲರ ಹಕ್ಕು!”

ಅಷ್ಟರಲ್ಲಿ ಕೌಂಟರಿನಿಂದ ಕರೆ ಬಂತು. ರಾಯರು ಎದ್ದುಹೋದರು. ಯಾರೋ ಕೆಟಲ್ ಹಾಕಿದರು. ಫಟ್! ಬ್ರಾಂಚೆಲ್ಲ ಕತ್ತಲು.

“ಲೋಡ್‌ಶೆಡ್ಡಿಂಗ್!” ಎಂದು ಸಂಭ್ರಮದಿಂದ ಕೂಗಿ, ಎಲ್ಲರೂ ಚಹಾದಂಗಡಿಗೆ ಹೊರಟೇಬಿಟ್ಟರು. ಆದರೆ ಎದುರಿನ ಮಿಠಾಯಿ ಅಂಗಡಿಯ ದೀಪ ಝಗಝಗ ಉರಿಯುತ್ತಿತ್ತು. ಹಾಗಾದರೆ ಹಾರಿದ್ದು ಬ್ರಾಂಚಿನ ಫ್ಯೂಸೇ! ಮೇಜಿನಡಿಯಿಂದ ಉಣ್ಣೆ ಸುಟ್ಟ ಹೊಗೆ! ಓಡಿಬಂದು ಪ್ಲಗ್ ಕಿತ್ತು, ಕ್ಯಾಪನ್ನು ನೆಲಕ್ಕೆಳೆದು, ಯಕ್ಷಗಾನದ ರಾಕ್ಷಸ ವೇಷದಂತೆ ಅದರ ಮೇಲೆ ಧೀಂಗಿಣ ಹಾಕತೊಡಗಿದರು.

ತಲೆಯೆತ್ತಿದರೆ ಮುಂದೆ ಮ್ಯಾನೇಜರ್ ಸಾನ್ಯಾಲ್ ಸಾಹೇಬರು; ಅವರ ಹಿಂದೆ, ಹೊಗೆಯ ವಾಸನೆಗೆ ಬಾಗಿಲಿಂದಲೇ ಮರಳಿ ಬಂದ ಬ್ರಾಂಚಿನವರು.

“ಏನಿದು, ಮಿಸ್ಟರ್ ರಾವ್?”

ಸಸ್ಪೆನ್ಶನ್ ಕಣ್ಣೆದುರು ಕುಣಿಯಿತು. ರಾಯರ ಬಾಯಿಂದ ಸುಳ್ಳು ತಾನಾಗಿ ಜಾರಿತು. “ಪ್ರಾತ್ಯಕ್ಷಿಕೆ, ಸರ್! ಹೀಟರನ್ನು ಹೇಗೆ ಬಳಸಬಾರದು ಅಂತ ಇವರಿಗೆ ತೋರಿಸ್ತಿದ್ದೆ.” ನಾಲಿಗೆ ನಿಲ್ಲಲಿಲ್ಲ. “ಮೇಜಿನಡಿ ಇಡಬಾರದು. ಬಟ್ಟೆ ಹತ್ತಿರವೂ ಸುಳಿಯಬಾರದು. ಗೋಡೆಯ ಪ್ಲಗ್ಗಿಗೇ ಹಾಕಬೇಕು, ಎಕ್ಸ್‌ಟೆನ್ಶನ್‌ಗಲ್ಲ. ಉರೀತಾ ಬಿಟ್ಟು ಎದ್ದುಹೋಗಲೇಬಾರದು!” ಅಷ್ಟನ್ನೂ ಅವರು ಕಲಿತದ್ದು ಅದೇ ಬೆಳಿಗ್ಗೆ.

ಸಾಹೇಬರ ಮುಖ ಅರಳಿತು. “ಶಾಬಾಶ್! ನಿಮ್ಮಂಥವರನ್ನೇ ಹೆಡ್ ಆಫೀಸು ಹುಡುಕ್ತಿದೆ.” ಅಲ್ಲೇ ಫೋನು ತಿರುಗಿಸಿ ಮಾತಾಡಿ, ರಾಯರ ಕೈ ಕುಲುಕಿದರು. “ಡಾರ್ಜಿಲಿಂಗ್ ಬ್ರಾಂಚಿನಲ್ಲಿ ಪ್ರತಿಯೊಬ್ಬನ ಕಾಲಡಿಗೂ ಒಂದೊಂದು ಹೀಟರ್. ಯಾವಾಗ ಹೊತ್ತಿಕೊಳ್ತದೋ ಅನ್ನೋ ದಿಗಿಲು. ಸೋಮವಾರವೇ ಹೊರಡಿ. ಮೂರು ವರ್ಷ ಅಲ್ಲಿದ್ದು, ಅಷ್ಟೂ ಹೀಟರ್ ತೆಗೆಸಿಬಿಡಿ!”

ರಾಯರ ಹಲ್ಲುಗಳು ಅಲ್ಲೇ ಕಟಕಟಿಸತೊಡಗಿದವು.