ರೊಟ್ಟಿ ಬಡಿಯುವ ಕೈಗೆ ರಜೆ ಸಿಗಲಿಲ್ಲ

ಶಹಾಪುರದ ಬಸ್ ಸ್ಟ್ಯಾಂಡ್ ಹಿಂದೆ ಖಾನಾವಳಿ ನಡೆಸುವವಳು ನಗಲು ಬೇರೆಲ್ಲೂ ಹೋಗಬೇಕಿಲ್ಲ, ಉಣ್ಣಲು ಬಂದವರೇ ನಗಿಸಿ ಹೋಗುತ್ತಾರೆ. ನಗುವಷ್ಟು ತ್ರಾಣ ಉಳಿದಿರಬೇಕು, ಅಷ್ಟೆ. ಜೋಳದ ರೊಟ್ಟಿ ಬಡಿದು ಬಡಿದು ನನ್ನ ರಟ್ಟೆ ಬಿದ್ದುಹೋಗಿದ್ದವು. ಕಾಲುವೆ ನೀರು ಬಂದು ಸುತ್ತೆಲ್ಲ ಭತ್ತ ಬೆಳೆಯತೊಡಗಿದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನಾನೇ. ಇನ್ನು ಜನ ಅನ್ನ ಉಣ್ಣುತ್ತಾರೆ, ನಾನು ಮಧ್ಯಾಹ್ನ ಒಂದಿಷ್ಟು ಅಡ್ಡಾಗಬಹುದು ಅಂದುಕೊಂಡೆ.

ಮೆತ್ತನೆಯ ಅನ್ನ

ಸುರಪುರದ ಕಡೆಯ ರೈತನೊಬ್ಬ ಬಂದ. ರೊಟ್ಟಿ ಮುಗಿದಿವೆ, ಅನ್ನ ಇದೆ ಎಂದೆ. ಆಗಲಿ ಎಂದು ಕುಳಿತ. ಸಾರು ಸುರಿದು, ಉಪ್ಪಿನಕಾಯಿ ತರಲು ಒಳಗೆ ಹೋಗಿ ಬರುವುದರಲ್ಲಿ ತಾಟು ಖಾಲಿ. ಮತ್ತೆ ಬಡಿಸಿದೆ, ಮತ್ತೆ ಖಾಲಿ. ಬೋಗುಣಿಯ ತಳ ಕೆರೆಯುವಾಗ ಸಾಕಾಗಿ, ಇನ್ನೂ ಹೊಟ್ಟೆ ತುಂಬಲಿಲ್ಲವೇ ಎಂದು ಕೇಳಿದೆ.

"ಹೊಟ್ಟಿ ಯಾವಾಗೋ ತುಂಬ್ಯಾದ್ರಿ ಯಕ್ಕಾ," ಎಂದ ಪಾಪ. "ಹಲ್ಲು ಇನ್ನಾ ಉಂಡಿಲ್ಲ."

ಚುರುಮುರಿಯ ಗುಡ್ಡ

ಯಾದಗಿರಿಯ ಗುಮಾಸ್ತರೊಬ್ಬರಿಗೆ ಡಾಕ್ಟರು ಕಡಿಮೆ ಉಣ್ಣಲು ಹೇಳಿದ್ದರಂತೆ. ಒಗ್ಗರಣೆ ಚುರುಮುರಿ ಕೇಳಿದರು. ತಾಟಿನ ಮೇಲೆ ಎದ್ದ ಗುಡ್ಡ ನೋಡಿಯೇ ಅವರಿಗೆ ಅರ್ಧ ಹೊಟ್ಟೆ ತುಂಬಿತು. ತಿಂದು ತೇಗಿ, ಇವತ್ತು ಊಟದ ಮಾತೇ ಇಲ್ಲ ಎಂದು ಹೋಗಿ ಬಸ್ಸು ಹತ್ತಿದರು. ಬಸ್ಸು ಹೊರಡುವ ಮೊದಲೇ ಹೊಟ್ಟೆಯಲ್ಲಿ ಗುಡ್ಡ ಕರಗಿತ್ತು. ಸೀಟಿನ ಮೇಲೆ ಟವೆಲ್ ಹಾಸಿ, ಓಡಿ ಬಂದು ರೊಟ್ಟಿಗೆ ಕುಳಿತರು. ಬಿಸಿ ರೊಟ್ಟಿ ಅವಸರ ಕೇಳುವುದಿಲ್ಲವಲ್ಲ. ಟವೆಲ್ ಹೊತ್ತಿಗೆ ಸರಿಯಾಗಿ ಯಾದಗಿರಿ ಮುಟ್ಟಿತು, ಅವರು ಮಾತ್ರ ಇಲ್ಲೇ ಉಳಿದರು.

ಖಡಕ್ ರೊಟ್ಟಿ

ಆಮೇಲೆ ನಾನೊಂದು ಉಪಾಯ ಹೂಡಿದೆ. ವಾರಕ್ಕೊಮ್ಮೆ ಖಡಕ್ ರೊಟ್ಟಿ ಮಾಡಿಟ್ಟರೆ ದಿನಾ ಬಡಿಯುವುದು ತಪ್ಪುತ್ತದೆ, ಅಗಿದು ಅಗಿದು ಜನ ಬೇಗ ಸಾಕು ಅನ್ನುತ್ತಾರೆ. ಎರಡಕ್ಕೇ ಸಾಕು ಅಂದರು ಕೂಡ. ಆದರೆ ಕುಳಿತವರು ಏಳುವುದೇ ಇಲ್ಲ, ಕಟಂ ಕಟಂ ಎಂದು ಅಗಿಯುತ್ತಲೇ ಇದ್ದಾರೆ. ಆ ಸಪ್ಪಳ ಕೇಳುತ್ತ ಬಾಗಿಲಲ್ಲಿ ನಿಂತವರ ಹಸಿವು ಇಮ್ಮಡಿಯಾಯಿತು. ವಾರಕ್ಕೆಂದು ಮಾಡಿಟ್ಟದ್ದು ಅವತ್ತೇ ಮುಗಿಯಿತು.

ಅನ್ನದ ದಿನ

ಕೊನೆಗೆ ಒಂದು ದಿನ ಹಟ ಹಿಡಿದೆ. ಹಂಚು ಮಗುಚಿಟ್ಟು, ಇವತ್ತು ಅನ್ನ ಮಾತ್ರ ಎಂದು ಸಾರಿದೆ. ಭತ್ತದ ಗದ್ದೆಯ ಆಳುಗಳೆಲ್ಲ ಗೊಣಗದೆ ಉಂಡರು, ಹೊಟ್ಟೆ ಸವರಿಕೊಂಡು ಹೊರಗೆ ಬೇವಿನ ನೆರಳಲ್ಲಿ ಮಲಗಿದರು. ನಾನೂ ತಾಟು ತುಂಬ ಅನ್ನ ಉಂಡು ಚಾಪೆ ಹಾಸಿದೆ. ಎಂಥ ಸುಖ!

ಕಣ್ಣು ಮುಚ್ಚಿದರೆ ನಿದ್ದೆ ಬರಲೊಲ್ಲದು. ಹೊಟ್ಟೆ ಭಾರವಾಗಿದೆ, ಆದರೂ ಉಂಡ ಹಾಗಿಲ್ಲ. ಎಡಕ್ಕೆ ಹೊರಳಿದೆ, ಬಲಕ್ಕೆ ಹೊರಳಿದೆ. ಕಡೆಗೆ ನನ್ನ ಮೇಲೆ ನನಗೇ ಸಿಟ್ಟು ಬಂದು ಎದ್ದೆ. ಒಲೆ ಹೊತ್ತಿಸಿ, ಒಂದೇ ಒಂದು ರೊಟ್ಟಿಗೆ ಆಗುವಷ್ಟು ಹಿಟ್ಟು ನಾದಿ, ಯಾರಿಗೂ ಕೇಳದ ಹಾಗೆ ಮೆಲ್ಲಗೆ ಬಡಿಯತೊಡಗಿದೆ.

ತಲೆ ಎತ್ತಿದರೆ, ಮಲಗಿದ್ದವರೆಲ್ಲ ಕೈ ತೊಳೆದುಕೊಂಡು ಸಾಲಾಗಿ ಕುಳಿತಿದ್ದಾರೆ.

"ಈಗರ ಉಂಡೀರಲ್ಲೋ ಯಪ್ಪಾ," ಎಂದೆ, ಅಳು ಬಂದಂತಾಗಿ.

ಅವರಲ್ಲಿ ಹಿರಿಯನಾದವನು ನನ್ನ ಕೈಯಲ್ಲಿದ್ದ ರೊಟ್ಟಿಯನ್ನೇ ನೋಡುತ್ತ, ಬಹಳ ಮರ್ಯಾದೆಯಿಂದ ಹೇಳಿದ: "ನೀವೂ ಉಂಡಿದ್ರಲ್ರಿ ಯಕ್ಕಾ."

ನಾನು ಹಿಟ್ಟಿನ ಡಬ್ಬಿಯನ್ನೇ ನಾದುವ ಪರಾತಕ್ಕೆ ಬೋರಲು ಹಾಕಿದೆ.