ಮನೆಗೆ ಹೋಗಿ ತಿಳಿಸ್ತೀವಿ

ಶಾಲೆಯವರು ಮಕ್ಕಳನ್ನು ಬೇಡವೆಂದದ್ದನ್ನು ನೀವೆಲ್ಲ ಕೇಳಿರುತ್ತೀರಿ. ಶಾಲೆಗಳನ್ನೇ ಸಾಲಾಗಿ ನಿಲ್ಲಿಸಿ ಬೇಡವೆಂದವರನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಸೋದರತ್ತೆ. ಅವರ ದೆಸೆಯಿಂದ ಶಿವಮೊಗ್ಗದ ಕೆಲವು ಶಾಲೆಗಳ ಮುಂದೆ ಆಟೋದಲ್ಲಿ ಹೋಗುವಾಗ ನಾನು ಇಂದಿಗೂ ಸೆರಗಿನಲ್ಲಿ ಅರ್ಧ ಮುಖ ಮುಚ್ಚಿಕೊಳ್ಳುತ್ತೇನೆ!

ಅತ್ತೆ ಇರುವುದು ಭದ್ರಾವತಿಯ ಹಳೇನಗರದಲ್ಲಿ. ಕಾರ್ಖಾನೆಯೊಂದರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಮದುವೆಯಾಗಿಲ್ಲ. ಯಾಕೆಂದು ನಮ್ಮ ಮನೆಯಲ್ಲಿ ಯಾರೂ ಮಾತೆತ್ತಿದ್ದಿಲ್ಲ. "ಇವರು ಮಾತು ನಿಲ್ಲಿಸಿದ್ರೆ ತಾನೇ ಗಂಡಿನ ಕಡೆಯವರು ಒಪ್ಪಿಗೆ ಹೇಳೋದು!" ಎಂಬುದು ನಮ್ಮವರ ಊಹೆ. ಅದೇನೂ ತೀರಾ ಅನ್ಯಾಯದ ಊಹೆಯಲ್ಲ. ಅತ್ತೆ ಹೂವಿನವಳ ಹತ್ತಿರ ತಮಿಳಿನಲ್ಲಿ, ಇಸ್ತ್ರಿಯವನ ಹತ್ತಿರ ತೆಲುಗಿನಲ್ಲಿ, ಎಟಿಎಂ ಯಂತ್ರದ ಹತ್ತಿರ ಅಚ್ಚಗನ್ನಡದಲ್ಲಿ ಜಗಳವಾಡಬಲ್ಲರು. ಜೊತೆಗೆ ಎಲ್ಲವನ್ನೂ ಎಲ್ಲರಿಗೂ ತಿಳಿಸುವ ಚಟ ಬೇರೆ. ನಮ್ಮ ಮನೆಯಿಂದ ಊರಿಗೆ ಹೊರಟರೆಂದರೆ, "ಬಸ್ಸು ಬಿಡ್ತು" ಎಂದೊಂದು ಫೋನು, "ಮಾಚೇನಹಳ್ಳಿ ದಾಟ್ತು" ಎಂದೊಂದು ಫೋನು, ಕೊನೆಗೆ "ತಲುಪಿದೆ ಕಣೇ" ಎಂದೊಂದು ಫೋನು. ಆ ಕೊನೆಯದನ್ನು ಹೇಳುವವರೆಗೆ ಚಪ್ಪಲಿಯನ್ನೂ ಬಿಡುವುದಿಲ್ಲವಂತೆ.

ನನ್ನ ಮಗಳು ಇದಕ್ಕೆ ತದ್ವಿರುದ್ಧ. ಮನೆಯೊಳಗೆ ಮಿಕ್ಸಿಯನ್ನು ಗದರಿಸುತ್ತಾಳೆ, ಗೋಡೆಯ ಹಲ್ಲಿಗೆ ಮಗ್ಗಿ ಹೇಳಿಕೊಡುತ್ತಾಳೆ. ಹೊರಗಿನವರು ಎದುರಿಗೆ ಬಂದರೋ, ಬಾಯಿಗೆ ಬೀಗ. ಅಂಥವಳನ್ನು ಒಂದನೇ ತರಗತಿಗೆ ಸೇರಿಸುವ ಹೊತ್ತು ಬಂತು. ನಮ್ಮ ಬೀದಿಯ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಈಜುಕೊಳವಿರುವ ಶಾಲೆ ಎಂದರು, ಒಬ್ಬರು ಭಗವದ್ಗೀತೆ ಇರುವ ಶಾಲೆ ಎಂದರು. ಎರಡೂ ಇರುವುದು ಎಲ್ಲಿದೆ ಎಂದು ಮೂರನೆಯವರು ಕೇಳಿದರು.

ಮೊದಲು ನಾನೂ ನಮ್ಮವರೂ ಮಗಳನ್ನು ಕರೆದುಕೊಂಡು ಒಂದು ಹೆಸರುವಾಸಿ ಶಾಲೆಗೆ ಹೋದೆವು. ಅಲ್ಲಿ ನಡೆಯುವುದನ್ನು ಸಂದರ್ಶನ ಎನ್ನಬಾರದಂತೆ, 'ಇಂಟರಾಕ್ಷನ್' ಎನ್ನಬೇಕಂತೆ. ಮೇಡಂ ಸೇಬಿನ ಚಿತ್ರ ಹಿಡಿದು ಇದೇನೆಂದು ಕೇಳಿದರು. ಮಗಳು ಫ್ರಾಕಿನ ಅಂಚನ್ನು ಹೆಬ್ಬೆರಳಲ್ಲಿ ಉಜ್ಜುತ್ತಾ ನಿಂತಳು. ಉಜ್ಜಿ ಉಜ್ಜಿ ಅಲ್ಲೊಂದು ದಾರ ಎದ್ದಿತ್ತು. ನಾನೋ ಕಾನ್ವೆಂಟಿನಲ್ಲಿ ಓದಿದವಳು. ಮೇಜಿನ ಆಚೆ ಕೂತವರು ಪ್ರಶ್ನೆ ಕೇಳಿದರೆ ಈಗಲೂ ಎದ್ದು ನಿಂತು ಉತ್ತರಿಸುವ ಅಭ್ಯಾಸ. ಎದ್ದು ನಿಂತು "ಆಪಲ್, ಮಿಸ್!" ಎಂದುಬಿಟ್ಟೆ.

"ನೀವಲ್ಲ, ಮದರ್," ಎಂದರು ಮೇಡಂ. ಆಮೇಲೆ ನಗುತ್ತಲೇ, "ಸರಿ, ನೀವು ಮನೆಗೆ ಹೋಗಿ, ತಿಳಿಸ್ತೀವಿ," ಎಂದರು.

ತಿಳಿಸಲಿಲ್ಲ. ದಿನವೂ ಫೋನು ಗುಣುಗುಟ್ಟಿದಾಗಲೆಲ್ಲ ಕೈತುಂಬ ಕಡಲೆಹಿಟ್ಟು ಇಟ್ಟುಕೊಂಡೇ ಓಡಿದೆ. ಒಮ್ಮೆ ಕ್ರೆಡಿಟ್ ಕಾರ್ಡಿನವರು, ಒಮ್ಮೆ ಗ್ಯಾಸಿನವರು. ಮಾತನಾಡದ ಮಗುವನ್ನು ಯಾವ ಶಾಲೆ ತಾನೇ ಸೇರಿಸಿಕೊಂಡೀತು ಎಂಬ ಚಿಂತೆ ಹತ್ತಿತು. ಇದನ್ನು ಅತ್ತೆಗೆ ಹೇಳಿದ್ದೇ ತಡ, ಮರುದಿನ ಬೆಳಗಿನ ಬಸ್ಸಿಗೇ ಬಂದಿಳಿದರು. ಮೈಮೇಲೆ ನುಸಿಗುಳಿಗೆ ವಾಸನೆಯ ರೇಷ್ಮೆ ಸೀರೆ, ಕೈಯಲ್ಲಿ ಛತ್ರಿ, ಚೀಲದಲ್ಲಿ ಬಾಳೆಹಣ್ಣು.

"ಯಾರವ್ರು ನಮ್ಮ ಹುಡುಗೀನ ನೋಡೋಕೆ? ನಾವು ನೋಡೋಣ ನಡಿಯೇ ಅವ್ರನ್ನ!"

"ಸೀರೆ ಯಾಕತ್ತೆ ಇಷ್ಟು ಜೋರು? ಸ್ಕೂಲಿಗೆ ಹೋಗ್ತಿರೋದು."

"ಸಂಬಂಧ ನೋಡೋಕೆ ಹೋಗ್ತಿರೋದು ಮಾರಾಯ್ತಿ. ಹತ್ತು ವರ್ಷದ ಸಂಬಂಧ. ನೈಟಿಲಿ ಹೋಗಕ್ಕಾಗತ್ತಾ?"

ಅತ್ತೆಯ ಲೆಕ್ಕದಲ್ಲಿ ಅದು ನಿಜಕ್ಕೂ ಗಂಡು ನೋಡುವ ಶಾಸ್ತ್ರವೇ! ಒಳಗೆ ಹೋಗುವ ಮೊದಲು ಶಾಲೆಯ ಅಕ್ಕಪಕ್ಕ ವಿಚಾರಿಸಬೇಕು. ಎದುರಿನ ಜೆರಾಕ್ಸ್ ಅಂಗಡಿಯವನನ್ನು ಕೇಳಿದರೆ ಅವನು ಶಾಲೆಯನ್ನು ಬಾಯ್ತುಂಬ ಹೊಗಳಿದ. "ಇವನು ಗಂಡಿನ ಕಡೆಯೋನು," ಎಂದು ಅತ್ತೆ ಅವನ ಮಾತನ್ನು ತಳ್ಳಿಹಾಕಿದರು. ಇನ್ನೊಂದು ನಿಯಮ, ಮಾತು ಕುದುರುವವರೆಗೆ ಅಲ್ಲಿ ಏನನ್ನೂ ಬಾಯಿಗೆ ಹಾಕಬಾರದು.

ಮೊದಲು ನೋಡಿದ್ದು ಊರಾಚೆಯ, ಗಾಜಿನ ಬಾಗಿಲಿನ ಶಾಲೆ. ಪ್ರಿನ್ಸಿಪಾಲರು ಬಾಳೆಹಣ್ಣು ಸ್ವೀಕರಿಸಿ, ಎಲ್ಲಿಡುವುದೆಂದು ತಿಳಿಯದೆ ಕಂಪ್ಯೂಟರಿನ ಮೇಲಿಟ್ಟರು.

"ಕಾಫಿ ತಗೊಳ್ಳಿ ಅಮ್ಮ."

"ಬೇಡ. ಹಿತ್ತಲು ತೋರಿಸಿ."

ಹಿತ್ತಲೆಂದರೆ ಶೌಚಾಲಯ. ಅಲ್ಲಿ ಅತ್ತೆ ಮೊಣಕಾಲೂರಿ ಮಗುವಿನ ಎತ್ತರಕ್ಕೆ ಇಳಿದು, ಮೇಲಿದ್ದ ನಲ್ಲಿಗೆ ಕೈ ಚಾಚಿದರು. ಎಟುಕಲಿಲ್ಲ.

"ನೀವು ಮಕ್ಕಳನ್ನ ಸೇರಿಸ್ಕೋತೀರೋ, ಒಂಟೆ ಮರೀನೋ?"

ಪ್ರಿನ್ಸಿಪಾಲರು ಕೆಮ್ಮಿ, "ಮಗು ಎಲ್ಲಿ? ನಾವೊಮ್ಮೆ ನೋಡ್ಬೇಕಲ್ಲ," ಎಂದರು.

"ಹುಡುಗೀನ ತೋರಿಸೋ ಪದ್ಧತಿ ನಮ್ಮಲ್ಲಿಲ್ಲ," ಎಂದು ಅತ್ತೆ ಎದ್ದು, ಛತ್ರಿ ತೆಗೆದುಕೊಂಡು, ಬಾಗಿಲಲ್ಲಿ ತಿರುಗಿ ನಿಂತು ಹೇಳಿದರು: "ಮನೆಗೆ ಹೋಗಿ ತಿಳಿಸ್ತೀವಿ."

ಪ್ರಿನ್ಸಿಪಾಲರ ಬಾಯಿ ತೆರೆದೇ ಇತ್ತು. ಪಾಪ, ಅವರೂ ಅದನ್ನೇ ಹೇಳಲು ಹೊರಟಿದ್ದರು!

ಆದರೆ ಅತ್ತೆ ನಿಜಕ್ಕೂ ತಿಳಿಸುವವರು. ಮರುದಿನ ಬೆಳಿಗ್ಗೆ ಶಾಲೆ ತೆರೆಯುತ್ತಿದ್ದಂತೆ ಅವರೇ ಫೋನು ಮಾಡಿದರು. "ನಮಸ್ಕಾರ. ನಮಗೆ ಒಪ್ಪಿಗೆ ಆಗ್ಲಿಲ್ಲ. ನೀವು ಕಾಯೋದು ಬೇಡ ಅಂತ ಹೇಳ್ದೆ. ನಿಮಗೆ ಬೇರೆ ಒಳ್ಳೇ ಮಕ್ಕಳು ಸಿಗ್ಲಿ." ಆ ಕಡೆ ಯಾರಿದ್ದರೋ, ಥ್ಯಾಂಕ್ಸ್ ಎಂದರಂತೆ. ನಾನು ಅಡುಗೆಮನೆಯಲ್ಲಿ ಕೈಗೆ ಸಿಕ್ಕ ಸಾಸಿವೆ ಡಬ್ಬಿ ಹಿಡಿದುಕೊಂಡು ಕಣ್ಣು ಮುಚ್ಚಿ ನಿಂತಿದ್ದೆ.

ಎರಡನೆಯದು ಶಿಸ್ತಿನ ಶಾಲೆ. ಮಕ್ಕಳು ತುಟಿಯ ಮೇಲೆ ಬೆರಳಿಟ್ಟುಕೊಂಡು ಗೋಡೆ ಸವರುತ್ತಾ ನಡೆಯುತ್ತಿದ್ದರು. ಒಂದು ಚಪ್ಪಲಿಯ ಸದ್ದಿಲ್ಲ.

"ಇಷ್ಟು ಸುಮ್ನಿದಾರಲ್ಲ, ಏನು ಕೊಡ್ತೀರಿ?" ಎಂದರು ಅತ್ತೆ.

"ಡಿಸಿಪ್ಲೀನ್, ಮೇಡಂ," ಎಂದರು ಮೇಲ್ವಿಚಾರಕರು ಹೆಮ್ಮೆಯಿಂದ.

"ಊಟಕ್ಕೆ ಮುಂಚೇನೋ, ಆಮೇಲೋ?"

ನನಗೆ ಆ ಶಾಲೆ ಒಳಗೊಳಗೇ ಹಿಡಿಸಿತ್ತು. ನಮ್ಮ ಸುಮ್ಮನಿರುವವಳು ಅಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ! ಹಾಗೆಂದಾಗ ಅತ್ತೆ ನನ್ನನ್ನು ನೋಡಿದ ನೋಟ ನನಗೆ ಅರ್ಥವಾಗಲಿಲ್ಲ. "ಅವಳು ಕಣ್ಣಿಗೆ ಬೀಳ್ದೇ ಇರ್ಲಿ ಅಂತಾನಾ ಸ್ಕೂಲಿಗೆ ಹಾಕೋದು?" ಎಂದಷ್ಟೇ ಅಂದರು. ಮರುದಿನ ಅಲ್ಲಿಗೂ ಫೋನು ಹೋಯಿತು.

ಮೂರನೆಯದು ಭದ್ರಾವತಿಯಲ್ಲೇ, ಸಂಸ್ಕಾರದ ಶಾಲೆ. ಶಾಲಾವಾಹನ ಶಿವಮೊಗ್ಗದ ನಮ್ಮ ಬೀದಿಯವರೆಗೂ ಬರುತ್ತದಂತೆ. ಒಳಗೆ ಕಾಲಿಡುತ್ತಿದ್ದಂತೆ ಒಂದು ತರಗತಿಯ ಮಕ್ಕಳೆಲ್ಲ ಸಾಲಾಗಿ ಬಂದು ಅತ್ತೆಯ ಕಾಲಿಗೆ ಬಿದ್ದರು. ಅತ್ತೆಯ ಪಾದಕ್ಕೆ ವಿಪರೀತ ಕಚಗುಳಿ. "ಒಳ್ಳೇದಾಗ್ಲಿ, ಹಿಹಿ, ಒಳ್ಳೇದಾಗ್ಲಿ, ಅಯ್ಯೋ ಸಾಕು" ಎಂದು ಕುಣಿಯುತ್ತಲೇ ಎಲ್ಲರನ್ನೂ ಹರಸಿದರು. ಇದಂತೂ ಗಟ್ಟಿಯಾಯಿತು ಎಂದುಕೊಂಡೆ. ಹೊರಬಂದು ಹೇಳಿದ್ದೇನು ಗೊತ್ತೇ?

"ಅಷ್ಟೂ ಮಕ್ಕಳಲ್ಲಿ ಒಂದಾದ್ರೂ ನನ್ನ ಮುಖ ನೋಡ್ತಾ?"

"ಹಿಂಗಾದ್ರೆ ನಿಮ್ಮತ್ತೆ ಸ್ಕೂಲು ಹುಡುಕಿ ಮುಗ್ಸೋ ಹೊತ್ತಿಗೆ ಮಗಳಿಗೆ ಗಂಡೇ ಹುಡುಕ್ಬೋದು," ಎಂದು ನಮ್ಮವರು ರೇಗಿದರು. ರೇಗದೆ ಇನ್ನೇನು? ಎಲ್ಲೆಡೆ ಸೀಟು ತುಂಬುತ್ತಿತ್ತು. ಗುಂಪಿನ ತಾಯಂದಿರು ಯೂನಿಫಾರಂ ಹೊಲಿಸುವ ದರ್ಜಿಯ ಬಗ್ಗೆ ಚರ್ಚೆ ಶುರುಮಾಡಿದ್ದರು.

ಕೊನೆಗೆ ಹೋದದ್ದು ತುಂಗೆಯ ಕಡೆಗೆ ಇಳಿಯುವ ಹಳೇ ಬೀದಿಯ ಪುಟ್ಟ ಶಾಲೆಗೆ. ಅಂದು ಮಗಳನ್ನು ಬಿಟ್ಟುಹೋಗಲು ಯಾರೂ ಸಿಗದೆ ಜೊತೆಗೇ ಕರೆದೊಯ್ದಿದ್ದೆವು. ಅವಳು ಅತ್ತೆಯ ರೇಷ್ಮೆ ಸೆರಗಿನೊಳಗೆ ಮಾಯವಾಗಿದ್ದಳು. ಹೆಡ್ ಮಿಸ್ ಮೇಜಿನ ತುಂಬ ಮೊಂಡು ಪೆನ್ಸಿಲ್ ಹರಡಿಕೊಂಡು ಒಂದೊಂದನ್ನೇ ಹೆರೆಯುತ್ತಿದ್ದರು. ಕೂರಿ ಎಂದರು, ಹೆರೆಯುವುದನ್ನು ನಿಲ್ಲಿಸಲಿಲ್ಲ. ಅತ್ತೆ ಹಿತ್ತಲು ನೋಡಿ ಬಂದರು. ನಲ್ಲಿ ಎಟುಕಿತ್ತು. ಅಷ್ಟರಲ್ಲಿ ಮಗಳು ಮೇಜಿನ ಬಳಿ ಹೋಗಿ, ಹೆರೆದ ಪೆನ್ಸಿಲ್‌ಗಳನ್ನು ಉದ್ದದ ಪ್ರಕಾರ ಜೋಡಿಸುತ್ತಿದ್ದಳು. ಹೆಡ್ ಮಿಸ್ ಮಾತಿಲ್ಲದೆ ಇನ್ನಷ್ಟನ್ನು ಅವಳ ಕಡೆ ಸರಿಸಿದರು.

ಅತ್ತೆ ಗಂಟಲು ಸರಿಮಾಡಿಕೊಂಡರು. "ಹುಡುಗೀನ ಏನೂ ಕೇಳಲ್ವಾ ನೀವು? ನೋಡಲ್ವಾ?"

"ನೋಡೋದೇನಮ್ಮ? ಸೇರಿದ್ಮೇಲೆ ದಿನಾ ನೋಡೋದಿದ್ದೇ ಇದೆ. ಮೊದ್ಲು ಅವಳು ನಮ್ಮನ್ನ ನೋಡ್ಲಿ. ಮಾತು ಆಮೇಲೆ."

ನಮ್ಮ ಅತ್ತೆ! ಮಾತಿಗೆ ಮಾತು ಹೇಳದೆ ಛತ್ರಿಯ ಹಿಡಿಯನ್ನು ಉಜ್ಜುತ್ತಾ ಕುಳಿತರು. ಆಮೇಲೆ ಮೆಲ್ಲಗೆ, "ಒಂದು ಲೋಟ ಕಾಫಿ ಸಿಗತ್ತಾ?" ಎಂದರು.

"ಕಾಫಿ ಇಲ್ಲ, ಟೀ ಇದೆ."

ಅತ್ತೆ ಜನ್ಮದಲ್ಲಿ ಟೀ ಮುಟ್ಟಿದವರಲ್ಲ. ಕೊನೆಯ ಹನಿಯವರೆಗೆ ಕುಡಿದರು.

ಬಸ್ ನಿಲ್ದಾಣದಲ್ಲಿ ನಾನು ನಗುತ್ತಾ, "ಅಂತೂ ಸಂಬಂಧ ಕುದುರ್ತಲ್ಲ ಅತ್ತೆ, ನಾಳೆ ಫೋನಿನ ಕೆಲಸ ಉಳೀತು," ಎಂದೆ. ಕಂಡಕ್ಟರ್ ಭದ್ರಾವತಿ ಭದ್ರಾವತಿ ಎಂದು ಕೂಗುತ್ತಿದ್ದ. ಅತ್ತೆ ಮಗಳ ಫ್ರಾಕಿನ ಅಂಚಿನಿಂದ ಎದ್ದಿದ್ದ ದಾರವನ್ನು ಹಲ್ಲಲ್ಲಿ ಕಡಿದು ತೆಗೆದರು.

"ನನ್ನನ್ನೂ ನೋಡೋಕೆ ಬರ್ತಿದ್ರು ಕಣೇ. ಚಾಪೆ ಮೇಲೆ ಕೂರಿಸಿ ಏನೇನೋ ಕೇಳೋರು. ನಂಗೆ ಬಾಯೇ ಬರ್ತಿರ್ಲಿಲ್ಲ, ಇವಳ ಹಂಗೇ. ಹುಡುಗಿ ಮೂಗೀನಾ ಅನ್ನೋರು. ಉಪ್ಪಿಟ್ಟು ತಿನ್ನೋರು, ಊರಿಗೆ ಹೋಗಿ ತಿಳಿಸ್ತೀವಿ ಅನ್ನೋರು. ಉಪ್ಪಿಟ್ಟು ಮಾತ್ರ ಚೆನ್ನಾಗಿದೆ ಅಂತ ಅಲ್ಲೇ ಹೇಳೋರು ನೋಡು!" ಎಂದು ನಕ್ಕರು. "ಪೋಸ್ಟ್‌ಮ್ಯಾನ್ ಸೈಕಲ್ ಬೆಲ್ ಕೇಳಿದ್ರೆ ಸಾಕು, ಅಮ್ಮ ಒಲೆ ಮೇಲಿನ ಹಾಲು ಬಿಟ್ಟು ಓಡೋಳು. ಬೇಡ ಅಂತಾದ್ರೂ ಒಬ್ರು ಬರೀಲಿಲ್ಲ. ಬರೆದಿದ್ರೆ ಹಾಲಾದ್ರೂ ಉಳೀತಿತ್ತು."

ಬಸ್ಸು ಹೊರಟಿತು. ನಾನು ಮಗಳ ಕೈ ಹಿಡಿದು ಮನೆಗೆ ಬಂದೆ. 'ಬಸ್ಸು ಬಿಡ್ತು' ಬಂತು. 'ಮಾಚೇನಹಳ್ಳಿ ದಾಟ್ತು' ಬಂತು. ಮುಂದಿನದು ಬರುವುದೆಂದು ಗೊತ್ತಿದ್ದೂ, ಫೋನು ಗುಣುಗುಟ್ಟಿದಾಗ ನಾನು ಒಲೆಯ ಮುಂದಿನಿಂದ ಓಡಿದೆ.

"ತಲುಪಿದೆ ಕಣೇ," ಎಂದರು ಅತ್ತೆ.

"ಅಮ್ಮಾ, ಹಾಲು!" ಎಂದು ಮಗಳು ಒಳಗಿನಿಂದ ಕೂಗಿದಳು.

ಉಕ್ಕಿದರೆ ಉಕ್ಕಲಿ ಎಂದುಕೊಂಡು, "ಚಪ್ಪಲಿ ಬಿಡಿ ಅತ್ತೆ," ಎಂದೆ.